ಗೌರಿ ಹಬ್ಬದ ದಿನ ಬಂದ ಆಲ್ಬಮ್

ಇಂದು, 2024ರ ಗೌರಿ ಹಬ್ಬದ ದಿನ, ಮನೆಯಲ್ಲಿ ಪೂಜೆ ಮುಗಿದು ಬಾಗಿನ ಕೊಡುವ ಸಡಗರ ನಡೆದಿರುವಾಗಲೇ ಸರಸ್ವತಿಪುರಂನ ಗೆಳೆಯ ಕರೆ ಮಾಡಿ, ಪಿಂಕ್ ಫ್ಲಾಯ್ಡ್ ರಾಕ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಹೊಸ ಆಲ್ಬಮ್ ‘ಲಕ್ ಅಂಡ್ ಸ್ಟ್ರೇಂಜ್’ ಬಿಡುಗಡೆಯಾಗಿದೆ ಎಂದು ತಿಳಿಸಿದ. 2015ರ ‘ರ್‍ಯಾಟಲ್ ದಟ್ ಲಾಕ್’ ಆಲ್ಬಮ್ ಆದಮೇಲೆ ನಾವಿಬ್ಬರೂ ಕಾಯುತ್ತಲೇ ಇದ್ದೆವು.

ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು ಪೂರ್ತಿ ಕೇಳಿದೆವು. ಗಿಲ್ಮೋರ್ ಅವರ ಮಗಳು ರೋಮನಿ ಹಾಡಿರುವ ‘ಬಿಟ್ವೀನ್ ಟೂ ಪಾಯಿಂಟ್ಸ್’ ಅವನಿಗೆ ಬಹಳ ಹಿಡಿಸಿತು.

ನನ್ನ ಮನಸ್ಸು ಮಾತ್ರ ಶೀರ್ಷಿಕೆ ಗೀತೆಯ ಕೀಬೋರ್ಡ್ ದನಿಯನ್ನು ಬಿಟ್ಟು ಕದಲುತ್ತಿಲ್ಲ. ಅದು 2008ರಲ್ಲಿ ತೀರಿಕೊಂಡ, ಪಿಂಕ್ ಫ್ಲಾಯ್ಡ್‌ನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ನುಡಿಸಾಣಿಕೆ. 2007ರಲ್ಲಿ ಗಿಲ್ಮೋರ್ ಅವರ ಮನೆಯ ಕೊಟ್ಟಿಗೆಯಲ್ಲಿ ಎಲ್ಲರೂ ಕೂಡಿ ನುಡಿಸುತ್ತಾ ಧ್ವನಿಮುದ್ರಿಸಿಕೊಂಡಿದ್ದ ತುಣುಕನ್ನೇ ಈಗ ಹಾಡಾಗಿ ಬೆಳೆಸಿದ್ದಾರೆ. ಪಿಂಕ್ ಫ್ಲಾಯ್ಡ್ ಕೇಳಿ ಬೆಳೆದವರಿಗೆ ಆ ಬೆರಳುಗಳ ಗುರುತು ಹತ್ತಲು ಯಾರ ಹೆಸರೂ ಬೇಕಾಗುವುದಿಲ್ಲ.

ಹೊಸ ಆಲ್ಬಮ್‌ನಲ್ಲಿ ಎಲ್ಲವೂ ಹೊಸದೇ ಆಗಿರಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಗೆಳೆಯನನ್ನು ತನ್ನ ಹಾಡಿನಲ್ಲಿ ಇಷ್ಟು ಗೌರವದಿಂದ ಕೂರಿಸಿಕೊಂಡ ಕಲಾವಿದನ ಬಗ್ಗೆ ನನಗೆ ಪ್ರೀತಿ ಇನ್ನೂ ಹೆಚ್ಚಿದೆ.

ಆ ಮೂಲ ತುಣುಕನ್ನೂ ಹೆಚ್ಚುವರಿಯಾಗಿ ಕೊಟ್ಟಿದ್ದಾರೆ. ಹಬ್ಬದ ಕೆಲಸ ಮುಗಿದ ಗೆಳೆಯರು ಮೊದಲು ಅದನ್ನು, ನಂತರ ಹಾಡನ್ನು ಕೇಳಿ, ಏನನ್ನಿಸಿತೆಂದು ದಯವಿಟ್ಟು ತಿಳಿಸಿ.