ಬಿಸಿಲೂರಿನಲ್ಲಿ 21 ಕಿಲೋಮೀಟರ್

ವಿಜಯಪುರದಲ್ಲಿ ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿರುವವರೇ, ಈ ವಾರ ವೇಗ ಕುಸಿದಿದ್ದರೆ ಎದೆಗುಂದಬೇಡಿ. ಬಿಸಿಲಲ್ಲಿ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ದಮ್ಮು ಎಲ್ಲಿಗೂ ಹೋಗಿಲ್ಲ. ಭೂತನಾಳ ಕೆರೆ ಕಡೆ ಓಡುವುದಿದ್ದರೆ ನಸುಕಿನ ಐದಕ್ಕೇ ಹೊರಡಿ.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಹುರುಪಿನ ವಾರ. 8 ಕಿ.ಮೀ. ಸಲೀಸಾಯಿತೆಂದು ನೇರ 13ಕ್ಕೆ ಹಾರುತ್ತಾರೆ. ಉಸಿರು ಬೇಗ ಪಳಗುತ್ತದೆ, ಎಲುಬು-ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮೊಣಕಾಲ ಕೆಳಗಿನ ಎಲುಬಿನ ಗುಂಟ ನೋವು ಶುರುವಾಗುವುದು ಹೀಗೆ. ವಾರದ ಉದ್ದ ಓಟಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಕಿ.ಮೀ. ಸೇರಿಸಿ. ಪ್ರತಿ ನಾಲ್ಕನೇ ವಾರ ದೂರ ಇಳಿಸಿ. ಓಡುತ್ತ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ನೋವು ಒಂದೇ ಜಾಗದಲ್ಲಿ ಚುಚ್ಚಿದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಉದ್ದ ಓಟದ ಹಿಂದಿನ ರಾತ್ರಿ ಜೋಳದ ರೊಟ್ಟಿ, ಕಾಳುಪಲ್ಯ ಬಿಟ್ಟು ಅನ್ನ-ಸಾರು ಉಣ್ಣಿ. ನಾರು ಹೆಚ್ಚಾದರೆ ಅರ್ಧ ದಾರಿಯಲ್ಲಿ ಹೊಟ್ಟೆ ಕೈಕೊಡುತ್ತದೆ. ತಾಸು ಮೀರಿದ ಓಟಕ್ಕೆ ನೀರು, ಸಕ್ಕರೆ, ಚಿಟಿಕೆ ಉಪ್ಪು, ನಮ್ಮ ಇಂಡಿ ಲಿಂಬೆ ಸಾಕು. ಹೊಸ ಶೂ ಸ್ಪರ್ಧೆಯ ದಿನ ಬೇಡವೇ ಬೇಡ. ಕೊನೆಯ ಎರಡು ವಾರ ದೂರ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ.