ಬೆಣ್ಣಿ ಬದ್ಲು ಎಣ್ಣಿ, ಯಾವ್ದು ಎಲ್ಲಿಗೆ

ನಮ್ಮ ರಾಯಚೂರು ಬಿಸಿಲಾಗ ಬೆಣ್ಣಿ ಹೊರಗ ಇಟ್ರ ಸಾಕು ಕರಗಿ ಹೋಗ್ತದ, ಅದಕ್ಕ ಬ್ಯಾಸಿಗ್ಯಾಗ ನಾನು ಕೇಕಿಗೆ ಎಣ್ಣಿನೇ ಹಾಕೋದು. ಆದ್ರ ಬೆಣ್ಣಿ ಎಷ್ಟೋ ಎಣ್ಣಿನೂ ಅಷ್ಟೇ ಅಂತ ಹಾಕಬ್ಯಾಡ್ರಿ, ಅಂಗಡಿ ಬೆಣ್ಣ್ಯಾಗ ಕೊಬ್ಬು ಇರೋದು ಸುಮಾರು ಶೇ. 80 ಅಷ್ಟೇ, ಉಳಿದದ್ದು ಹೆಚ್ಚೂಕಮ್ಮಿ ನೀರು, ಹಿಂಗಾಗಿ 100 ಗ್ರಾಂ ಬೆಣ್ಣಿಗೆ 80 ಗ್ರಾಂ ಎಣ್ಣಿ ಸಾಕು, ಜೊತಿಗೆ ಒಂದು ದೊಡ್ಡ ಚಮಚ ಹಾಲು ಜಾಸ್ತಿ ಮಾಡ್ರಿ. ಎಣ್ಣಿ ಕೇಕು ಮರುದಿನಾನೂ ಮೆತ್ತಗ ಇರ್ತದ.

ರಿಫೈಂಡ್ ಸೂರ್ಯಕಾಂತಿ ಎಣ್ಣಿ ಯಾವ ಕೇಕಿಗಾದ್ರೂ ನಡೀತದ, ವಾಸನಿ ಇರಲ್ಲ. ಗಾಣದ ಶೇಂಗಾ ಎಣ್ಣಿ ಮಾತ್ರ ವೆನಿಲಾ ಕೇಕಿಗೆ ಬ್ಯಾಡ, ಅದರ ಘಮ ವೆನಿಲಾನ ನುಂಗಿಬಿಡ್ತದ, ಆದ್ರ ಬೆಲ್ಲ ಬಾಳೆಹಣ್ಣು ಹಾಕಿ ಗೋಧಿ ಹಿಟ್ಟಿನ ಕೇಕ್ ಮಾಡ್ತೀರಲ್ಲ, ಅದಕ್ಕ ಇದರಷ್ಟು ಚಲೋ ಎಣ್ಣಿ ಇನ್ನೊಂದಿಲ್ಲ ಅಂತೀನಿ ನಾನು, ಬೆಲ್ಲಕ್ಕೂ ಶೇಂಗಾಕ್ಕೂ ಎಂಥಾ ಜೋಡಿ ಅನ್ನೋದು ಹೋಳಿಗಿ ತಿಂದೋರಿಗೆ ನಾ ಹೇಳೋದೇನದ! (ಶೇಂಗಾ ಅಲರ್ಜಿ ಇದ್ದೋರಿಗೆ ಮಾತ್ರ ಕೊಡಬ್ಯಾಡ್ರಿ, ಮನಿಗೆ ಬಂದೋರನ್ನ ಮೊದಲೇ ಕೇಳ್ರಿ.)

ಕೊಬ್ಬರಿ ಎಣ್ಣಿ ಸುಮಾರು 24 ಡಿಗ್ರಿ ಕೆಳಗ ಗಟ್ಟಿ ಆಗ್ತದ, ಫ್ರಿಜ್‌ನಾಗಿನ ಹಾಲು ಮೊಸರು ಸೀದಾ ಸುರುವಿದ್ರ ಗಂಟು ಕಟ್ಟೋದು ಅದಕ್ಕೇ, ಹಾಲು ಸ್ವಲ್ಪ ಬೆಚ್ಚಗಿರ್ಲಿ.

ನಾನ್‌ಖಟಾಯಿಗೆ ಎಣ್ಣಿ ಬ್ಯಾಡೇ ಬ್ಯಾಡ. ಗಟ್ಟಿ ತುಪ್ಪಾನ ಸಕ್ರಿ ಜೊತಿ ತಿಕ್ಕಿದ್ರ ಗಾಳಿ ಹಿಡೀತದ, ಬಾಯಾಗ ಪುಡಿಪುಡಿ ಆಗೋದು ಆ ತುಪ್ಪದಿಂದಾನೇ, ಎಣ್ಣಿ ಹಂಗ ಗಾಳಿ ಹಿಡಿಯಲ್ಲ.