ಭರಣಿ ಮಳೆಗೆ ಮುಂಚೆ, ಭರಣಿ ಮಳೆ ಆದ ಮೇಲೆ

ಏಪ್ರಿಲ್ ಮುಗಿಯುತ್ತಾ ಬಂದರೆ ರಾಯಚೂರು, ಕಲಬುರಗಿ ಕಡೆ 42, 43 ಡಿಗ್ರಿ ಬಿಸಿಲು ಸುದ್ದಿಯೇ ಅಲ್ಲ. ಈಗೀಗ ದಕ್ಷಿಣದ ಬಯಲುಸೀಮೆಯೂ ಅದೇ ದಾರಿ ಹಿಡಿದಿದೆ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ಆ ಇಡೀ ಏಪ್ರಿಲ್‌ನಲ್ಲಿ ನಗರದ ಹವಾಮಾನ ವೀಕ್ಷಣಾಲಯದ ಲೆಕ್ಕಕ್ಕೆ ಮಳೆಯೇ ಸಿಗಲಿಲ್ಲ. ಮೇ ಮೊದಲ ವಾರ ಗುಡುಗು ಮಳೆ ಬಂದು ಕಾವು ಮುರಿಯಿತು. ಪಂಚಾಂಗದಲ್ಲಿ ಅದು ಭರಣಿ ಮಳೆಯ ಕಾಲ: ಏಪ್ರಿಲ್ 27ರ ಸುಮಾರಿಗೆ ಹುಟ್ಟಿ ಮೇ 10, 11ರವರೆಗೆ ಇರುತ್ತದೆ. ಆಮೇಲೆ ಕೃತ್ತಿಕೆ, ಮೇ 25ರ ಹೊತ್ತಿಗೆ ರೋಹಿಣಿ. ಭರಣಿ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ವರ್ಷದಲ್ಲಿ ಅತಿ ಹೆಚ್ಚು ಸಿಡಿಲು ಬೀಳುವುದೂ, ತಗಡು ಹಾರುವುದೂ, ಬಾಳೆ ಮುರಿಯುವುದೂ ಇದೇ ಮಳೆಯಲ್ಲಿ. ಅಪಾಯ ತಪ್ಪಿಸುವ ಕೆಲಸವೆಲ್ಲ ಮಳೆಗೆ ಮುಂಚಿನ ಬಿಸಿಲಿನಲ್ಲೇ ಮುಗಿಯಬೇಕು. ಲಾಭ ಮಾಡಿಕೊಳ್ಳುವ ಕೆಲಸಕ್ಕೆ ಸಿಗುವುದು ಮಳೆ ನಿಂತ ಮೇಲಿನ ಎರಡು ಮೂರು ದಿನ ಮಾತ್ರ.

ಬಿಸಿಲು ಜೋರಾದರೆ ಮಳೆ ಬಂದೇ ಬರುತ್ತದೆ ಅನ್ನುವುದು ಅರ್ಧ ನಿಜ. ಬಿಸಿಲು ನೆಲದ ಹತ್ತಿರದ ಗಾಳಿಯನ್ನು ಕಾಯಿಸಿ ಮೇಲೆ ಕಳಿಸುತ್ತದೆ, ಅಷ್ಟೆ. ಆ ಗಾಳಿಯಲ್ಲಿ ತೇವ ಇಲ್ಲದಿದ್ದರೆ ಎಷ್ಟು ಮೇಲೆ ಹೋದರೂ ಮೋಡವಾಗುವುದಿಲ್ಲ. ಅದಕ್ಕೇ ಮಾರ್ಚ್‌ನಲ್ಲಿ ಒಣ ಝಳ ವಾರಗಟ್ಟಲೆ ಸುಟ್ಟರೂ ಒಂದು ಹನಿ ಬೀಳುವುದಿಲ್ಲ. ಏಪ್ರಿಲ್, ಮೇನಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನತ್ತ ಒಂದು ಕಡಿಮೆ ಒತ್ತಡದ ಪಟ್ಟಿ ಚಾಚಿಕೊಳ್ಳುತ್ತದೆ. ಹವಾಮಾನ ಇಲಾಖೆಯ ವರದಿಯಲ್ಲಿ ಟ್ರಫ್ ಅಂತ ಬರುವುದು ಇದೇ. ಅದರ ಎರಡೂ ಮಗ್ಗುಲಿನಿಂದ ಅರಬ್ಬಿ ಸಮುದ್ರದ ಮತ್ತು ಬಂಗಾಳ ಕೊಲ್ಲಿಯ ತೇವದ ಗಾಳಿ ಬಂದು ಕೂಡಿದಾಗ ಮಾತ್ರ ಕಾದ ನೆಲ ಮೋಡ ಕಟ್ಟುತ್ತದೆ.

ಇದನ್ನು ಯಂತ್ರವಿಲ್ಲದೆ ತಿಳಿಯಲು ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯನ್ನು ಗಮನಿಸಿ. ರಾತ್ರಿ ಬೆವರು ಆರದೆ ಮೈ ಅಂಟಂಟಾದರೆ, ಒಣಹಾಕಿದ ಬಟ್ಟೆ ಬೆಳಿಗ್ಗೆಗೂ ತುಸು ತಣ್ಣಗಿದ್ದರೆ, ಡಬ್ಬಿಯಲ್ಲಿಟ್ಟ ಉಪ್ಪು ಒದ್ದೆಯಾದರೆ ತೇವ ಬಂದಿದೆ ಎಂದರ್ಥ. ಅಂಥ ದಿನ ಹನ್ನೊಂದು ಗಂಟೆಯಿಂದ ಆಕಾಶದ ಮೇಲೆ ಕಣ್ಣಿರಲಿ. ಸಣ್ಣ ಬಿಳಿ ಮೋಡಗಳು ಹುಟ್ಟಿ ಹಾಗೇ ಕರಗಿದರೆ ಭಯವಿಲ್ಲ. ಮಧ್ಯಾಹ್ನ ಒಂದು, ಎರಡರ ಹೊತ್ತಿಗೆ ಬುಡ ಮಟ್ಟಸವಾಗಿ, ಕಪ್ಪಾಗಿ, ತಲೆ ಹೂಕೋಸಿನ ಹಾಗೆ ಒತ್ತೊತ್ತಾಗಿ ಮೇಲಕ್ಕೆ ಉಬ್ಬುತ್ತಿದ್ದರೆ ಅದು ಬೆಳೆಯುವ ಮೋಡ. ತಲೆಯ ಅಂಚು ಚೂಪಾಗಿ ಕಾಣುವವರೆಗೆ ಅದು ಇನ್ನೂ ಏರುತ್ತಿರುತ್ತದೆ. ಅಂಚು ಮಸುಕಾಗಿ, ನಾರುನಾರಾಗಿ ಅಡ್ಡಕ್ಕೆ ಹರಡಿತು ಅಂದರೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರ ಮುಟ್ಟಿ, ತಲೆ ಹಿಮವಾಗಿದೆ. ಅಷ್ಟು ಹೊತ್ತಿಗೆ ಅದರ ಕೆಳಗೆ ಗುಡುಗು, ಸಿಡಿಲು ಶುರುವಾಗಿರುತ್ತದೆ.

ಕೊನೆಯ ಸೂಚನೆ ಗಾಳಿ. ಸುಡುವ ಗಾಳಿ ತಟ್ಟನೆ ನಿಂತು, ಮೋಡದ ದಿಕ್ಕಿನಿಂದ ಧೂಳೆಬ್ಬಿಸಿಕೊಂಡು ತಣ್ಣನೆ ಗಾಳಿ ನುಗ್ಗುತ್ತದೆ. ಮೋಡದೊಳಗಿಂದ ಬೀಳುವ ಮಳೆ ಕೆಳಗಿನ ಒಣ ಗಾಳಿಯಲ್ಲಿ ಅರ್ಧಂಬರ್ಧ ಆವಿಯಾಗುತ್ತದೆ. ಆವಿಯಾಗುವಾಗ ಶಾಖ ಹೀರಿಕೊಳ್ಳುವುದರಿಂದ ಗಾಳಿ ತಂಪಾಗಿ, ಭಾರವಾಗಿ ಕೆಳಗೆ ಕುಸಿದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಅರ್ಧ ಗಂಟೆಯೊಳಗೆ ಹತ್ತು ಡಿಗ್ರಿಯಷ್ಟು ಕಾವು ಇಳಿಯುವುದು ಇದರಿಂದಲೇ. ಮಳೆ ಬೀಳದ ಊರಿಗೂ ತಂಪು ತಲುಪುವುದೂ ಇದರಿಂದಲೇ. ತಣ್ಣನೆ ಗಾಳಿ ಬಂತೆಂದು ಅಂಗಳದಲ್ಲಿ ನಿಂತು ಮೈಯೊಡ್ಡುವ ಹೊತ್ತು ಅದಲ್ಲ. ಮಳೆ ಇನ್ನು ಐದು ಹತ್ತು ನಿಮಿಷದಲ್ಲಿದೆ. ಸಿಡಿಲಂತೂ ಆಗಲೇ ಎಟುಕುವ ದೂರದಲ್ಲಿದೆ.

ಸಿಡಿಲಿನ ಬಗ್ಗೆ ಒತ್ತಿ ಹೇಳಬೇಕು, ಯಾಕೆಂದರೆ ನಮ್ಮ ರಾಜ್ಯದಲ್ಲಿ ಸಿಡಿಲಿಗೆ ಹೆಚ್ಚು ಜನ ಸಾಯುವುದು ಏಪ್ರಿಲ್, ಮೇ ತಿಂಗಳಲ್ಲೇ. ಸಾಯುವವರಲ್ಲಿ ಹೆಚ್ಚಿನವರು ಹೊಲದಲ್ಲಿದ್ದವರು, ಕುರಿ ದನ ಕಾಯುವವರು, ಮಳೆ ಬಂತೆಂದು ಮರದ ಕೆಳಗೆ ನಿಂತವರು. ಮಿಂಚು ಕಂಡ ಕೂಡಲೇ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡ ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನ ಸಿಡಿಲು ನೀವಿರುವಲ್ಲೇ ಬೀಳಬಹುದು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವವರೆಗೆ ಹೊರಗೆ ಕಾಲಿಡಬೇಡಿ. ಜನ ಎಡವುವುದು ಈ ಎರಡನೆಯ ಮೂವತ್ತರಲ್ಲಿ. ಮಳೆ ನಿಂತು ಬಿಸಿಲು ಇಣುಕಿದ ಮೇಲೆ ಬಿದ್ದ ಮಾವಿನಕಾಯಿ ಆರಿಸಲು ಹೋಗುತ್ತಾರೆ, ಹಿಂದೆ ಸರಿಯುತ್ತಿರುವ ಮೋಡದಿಂದ ಸಿಡಿಲು ಬಡಿಯುತ್ತದೆ.

ಒಂಟಿ ಹುಣಸೆಮರ, ತೆಂಗು, ಬೇವು ಯಾವುದರ ಕೆಳಗೂ ನಿಲ್ಲಬಾರದು. ಮರಕ್ಕೆ ಹೊಡೆದ ಸಿಡಿಲು ಪಕ್ಕದಲ್ಲಿರುವ ಮೈಗೆ ಹಾರುತ್ತದೆ. ಹಾರದಿದ್ದರೂ ಬುಡದಿಂದ ನೆಲದಲ್ಲಿ ಹರಡುತ್ತದೆ. ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ಇರುವ ಅಂತರವೇ ಕರೆಂಟು ಮೈಯೊಳಗೆ ಹತ್ತಲು ಸಾಕು. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ಎದೆ ನಡುವೆ ಸಿಗುತ್ತದೆ. ಒಂದೇ ಮರದಡಿ ನಿಂತ ಇಡೀ ಹಿಂಡು ಸಾಯುವುದು ಹೀಗೆ. ಹಾಗಾಗಿ ಮಧ್ಯಾಹ್ನ ಮೂರರೊಳಗೆ ದನ, ಕುರಿ ಕೊಟ್ಟಿಗೆಗೆ ಬರಲಿ. ನೆರಳಿಗೆಂದು ಮರಕ್ಕೆ ಕಟ್ಟಿದ್ದನ್ನು ಮೋಡ ಏರುವಾಗಲೇ ಬಿಚ್ಚಿಕೊಂಡು ಬನ್ನಿ.

ಗೋಡೆ ಇಲ್ಲದ ಬಸ್ ತಂಗುದಾಣ, ಹೊಲದ ಗುಡಿಸಲು, ಬಯಲಿನ ಮಂಟಪ ಮಳೆಯಿಂದ ಕಾಪಾಡುತ್ತವೆ, ಸಿಡಿಲಿನಿಂದ ಕಾಪಾಡುವುದಿಲ್ಲ. ನಾಲ್ಕು ಗೋಡೆಯ ಪಕ್ಕಾ ಮನೆ ಒಳ್ಳೆಯದು. ಅದು ಸಿಗದಿದ್ದರೆ ಗಾಜು ಏರಿಸಿದ ಕಾರು, ಬಸ್ಸು ನಡೆಯುತ್ತದೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್, ಬೈಕು ನಡೆಯುವುದಿಲ್ಲ. ಬಯಲಲ್ಲಿ ಕುಕ್ಕರಗಾಲಿನಲ್ಲಿ ಕೂತರೆ ಸಾಕು ಅಂತ ನಂಬಿಕೊಂಡು ಕೆಲಸ ಮುಂದುವರಿಸಬೇಡಿ. ಅದು ಬೇರೆ ದಾರಿಯೇ ಇಲ್ಲದವರಿಗೆ, ಅದರಿಂದ ಸಿಗುವ ರಕ್ಷಣೆಯೂ ಅಷ್ಟಕ್ಕಷ್ಟೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು, ಎರಡೂ ಆ್ಯಪ್ ಕನ್ನಡಿಗರ ಫೋನಿನಲ್ಲಿ ಇರಬೇಕಾದವು. ಆದರೆ ಹೊಲದಲ್ಲಿ ನೆಟ್‌ವರ್ಕ್ ಹೋಗುವುದೂ ಮೋಡ ಬಂದಾಗಲೇ, ಆದ್ದರಿಂದ ಎಣಿಸುವುದನ್ನು ಮರೆಯಬಾರದು.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ದೂರ ನಿಲ್ಲುವುದರಿಂದ ಉಳಿಯಬಹುದಾದ ಜೀವ ಹೋಗುತ್ತದೆ. ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಹೆಚ್ಚಾಗಿ ಸಾವು ತರುವುದು ಸುಟ್ಟ ಗಾಯವಲ್ಲ, ನಿಂತ ಹೃದಯ. 108ಕ್ಕೆ ಫೋನ್ ಮಾಡಲು ಒಬ್ಬರಿಗೆ ಹೇಳಿ. ಉಸಿರಿಲ್ಲದಿದ್ದರೆ ಎದೆಯ ನಡುಭಾಗದಲ್ಲಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಬಗ್ಗಿಸದೆ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ಬಿಡಬೇಡಿ. ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ.

ಇನ್ನು ಮನೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಹೋಗಿರುತ್ತದೆ. ಒಣ ಮಣ್ಣು ಕರೆಂಟನ್ನು ನೆಲಕ್ಕೆ ಇಳಿಸುವುದಿಲ್ಲ. ವಾರಕ್ಕೆ ಎರಡು ಸಲ ಎರಡು ಕೊಡ ನೀರು ಹಾಕುವುದು ಏಪ್ರಿಲ್‌ನಲ್ಲೇ ಶುರುವಾಗಲಿ, ತಂತಿ ತುಕ್ಕು ಹಿಡಿದು ಕಡಿದಿದೆಯೇ ಅಂತಲೂ ನೋಡಿ. ಕರೆಂಟು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಅಂತ ಧೈರ್ಯ ಬೇಡ. ಸಿಡಿಲಿನ ಏರುವಿದ್ಯುತ್ತು ಎಂಸಿಬಿ ಬೀಳುವುದಕ್ಕೆ ಮುಂಚೆಯೇ ದಾಟಿ ಹೋಗಿರುತ್ತದೆ. ಟಿವಿ, ಫ್ರಿಜ್, ರೂಟರ್‌ಗಳ ಪ್ಲಗ್ಗನ್ನೇ ಕೀಳಬೇಕು, ಡಿಶ್‌ನ ಕೇಬಲ್ಲನ್ನೂ ಬಿಚ್ಚಬೇಕು, ಅದೂ ಗುಡುಗು ದೂರವಿರುವಾಗಲೇ. ಬೋರ್‌ವೆಲ್ ಸ್ಟಾರ್ಟರ್‌ನ ಮೇನ್ ಕೂಡ ಹಾಗೇ. ಗುಡುಗು ತಲೆ ಮೇಲಿದ್ದಾಗ ಪಂಪ್‌ಸೆಟ್ ಪೆಟ್ಟಿಗೆ ಮುಟ್ಟಲು ಓಡುವುದಕ್ಕಿಂತ ಮೋಟಾರು ಸುಟ್ಟರೂ ಪರವಾಗಿಲ್ಲ. ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.

ತಗಡಿನ ಮಾಡಿನಲ್ಲಿ ಮೊದಲು ಏಳುವುದು ಮೂಲೆ ಮತ್ತು ಅಂಚು. ಗಾಳಿ ಮಾಡಿನ ಮೇಲೆ ಹಾದು ಹೋಗುವಾಗ ಮೇಲೆ ಎಳೆಯುತ್ತದೆ, ತೆರೆದ ಬಾಗಿಲಿನಿಂದ ಒಳಗೆ ನುಗ್ಗಿದ್ದು ಕೆಳಗಿನಿಂದ ನೂಕುತ್ತದೆ. ಆದ್ದರಿಂದ ಮಳೆಗಾಳಿ ಬರುವ ಕಡೆಯ ಬಾಗಿಲು ಕಿಟಕಿ ಮುಚ್ಚಿ. ಅಂಚಿನ ಸಾಲಿನಲ್ಲಿ ಜೆ ಹುಕ್ಕುಗಳು ಒತ್ತೊತ್ತಾಗಿ ಇರಲಿ, ವಾಷರ್ ಬಿರಿದಿದ್ದರೆ ಬದಲಿಸಿ. ಬರಿ ಮೊಳೆ ಹೊಡೆದದ್ದು ನಿಲ್ಲುವುದಿಲ್ಲ. ತಗಡಿನ ಮೇಲೆ ಕಲ್ಲು ಹೇರುವ ಪದ್ಧತಿಯನ್ನಂತೂ ಬಿಟ್ಟೇಬಿಡಬೇಕು: ಬಿರುಗಾಳಿಗೆ ತಗಡು ಎದ್ದಾಗ ಆ ಕಲ್ಲು ಒಳಗೆ ಮಲಗಿದ ಮಕ್ಕಳ ತಲೆ ಮೇಲೆ ಬೀಳುತ್ತದೆ.

ಮಳೆ ನೀರು ಹಿಡಿಯುವವರು ಮೊದಲ ಮಳೆಯನ್ನು ಟ್ಯಾಂಕಿಗೆ ಬಿಡಬಾರದು. ನಾಲ್ಕಾರು ತಿಂಗಳ ಧೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲ ಅದರಲ್ಲೇ ಇಳಿಯುತ್ತದೆ. ನೂರು ಚದರ ಮೀಟರ್ ತಾರಸಿಗೆ ಮೊದಲ ನೂರು ಲೀಟರ್ ಹೊರಗೆ ಹೋಗಲಿ, ಗಿಡಕ್ಕೆ ಆದೀತು. ಆಮೇಲೆ 20 ಮಿಲಿಮೀಟರ್ ಬಿದ್ದರೆ ಸೋರಿದ್ದು, ಆರಿದ್ದು ಕಳೆದು 1,600 ಲೀಟರ್ ಮೇಲೆಯೇ ಸಿಗುತ್ತದೆ.

ಹೊಲದಲ್ಲಿ ಎಷ್ಟು ಬಿತ್ತು ಅಂತ ಅಳೆಯುವುದು ಕಷ್ಟವಲ್ಲ, ಆದರೂ ಅಳೆಯುವವರು ಕಡಿಮೆ. ನೆಟ್ಟಗಿನ ಗೋಡೆಯ, ಮಟ್ಟಸ ತಳದ ಡಬ್ಬವನ್ನು ಮರ, ಗೋಡೆಗಳಿಂದ ದೂರ ಇಟ್ಟು, ಮಳೆ ನಿಂತ ಕೂಡಲೇ ಸ್ಕೇಲ್ ಅದ್ದಿ. ಹತ್ತು ಮಿಲಿಮೀಟರ್ ಎಂದರೆ ಎಕರೆಗೆ 40,000 ಲೀಟರ್. ಕೇಳಲು ದೊಡ್ಡದು, ಆದರೆ ಕಾದ ಮಣ್ಣಿನಲ್ಲಿ ಅದು ಮೇಲಿನ ಕೆಲವೇ ಅಂಗುಲ ನೆನೆಸಿ ಮರುದಿನದ ಬಿಸಿಲಿಗೆ ಅರ್ಧ ಆರುತ್ತದೆ. ಡಬ್ಬ ಏನೇ ಹೇಳಲಿ, ಸಲಿಕೆಯಲ್ಲಿ ಅಗೆದು ತೇವ ಎಲ್ಲಿಯವರೆಗೆ ಇಳಿದಿದೆ ಎಂದು ಕಣ್ಣಾರೆ ನೋಡಿಯೇ ನೇಗಿಲು ಹೂಡಬೇಕು. ಒಂದು ಗೇಣು ಇಳಿದಿದ್ದರೆ ಕೆಂಪು ಮಣ್ಣಿನಲ್ಲಿ ಉಳಬಹುದು. ಹಿಡಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಟ್ಟಾಗ ಒಡೆದರೆ ಹದ ಸರಿಯಿದೆ. ಒಡೆಯದೆ ಕೂತರೆ ಇನ್ನೊಂದು ದಿನ ಕಾಯಿರಿ. ಎರೆ ಹೊಲದ ಲೆಕ್ಕ ಬೇರೆ. ಬೇಸಿಗೆಯಲ್ಲಿ ಬಿಟ್ಟ ಬಿರುಕಿನೊಳಗೆ ಮೊದಲ ಮಳೆ ಸೀದಾ ಇಳಿದು ತಳದ ಮಣ್ಣು ನೆನೆಯುತ್ತದೆ, ಮೇಲ್ಮಣ್ಣು ಮೆತ್ತಗಾಗಿ ಕಾಲಿಗೆ ಹತ್ತುತ್ತದೆ. ಅದು ಆರುವ ಮುಂಚೆ ಟ್ರ್ಯಾಕ್ಟರ್ ಇಳಿಸಿದರೆ ಮಣ್ಣು ಗಟ್ಟಿ ಹೆಂಟೆಯಾಗಿ, ಮುಂಗಾರಿನವರೆಗೂ ಒಡೆಯದೆ ಕಾಡುತ್ತದೆ. ಯಾವ ಮಣ್ಣಾದರೂ ಉಳುಮೆ ಇಳಿಜಾರಿಗೆ ಅಡ್ಡಲಾಗಿ ಇರಲಿ, ಬದು ಒಡೆದಿದ್ದರೆ ಆ ದಿನವೇ ಕಟ್ಟಿ. ಈ ಮಳೆ ಅರ್ಧ ಗಂಟೆಯಲ್ಲಿ ರಭಸವಾಗಿ ಸುರಿಯುವುದರಿಂದ ಮೇಲ್ಮಣ್ಣು ಕೊಚ್ಚಿ ಹೋಗುವುದು ಜುಲೈನ ಜಿಟಿಜಿಟಿ ಮಳೆಗಿಂತ ಹೆಚ್ಚು.

ಒಂದು ಮಳೆಗೆ ತಂಪಾಯಿತೆಂದು ಬಿಸಿಲಿನ ಎಚ್ಚರ ಬಿಡಬೇಡಿ. ಮರುದಿನ 34 ಡಿಗ್ರಿಯೇ ಇರಬಹುದು, ಆದರೆ ಗಾಳಿಯ ತೇವ ನೂರಕ್ಕೆ ಅರವತ್ತು ಇದ್ದರೆ ಮೈಗೆ 42ರಷ್ಟು ಧಗೆ ತಟ್ಟುತ್ತದೆ, ಬೆವರು ಆರುವುದಿಲ್ಲ. ಉಳುಮೆ, ಕೂಲಿ ಕೆಲಸ ಬೆಳಿಗ್ಗೆ ಹತ್ತೂವರೆಯೊಳಗೆ ಮುಗಿಯಲಿ, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಜೊತೆಗಿರಲಿ.

ಕೊನೆಯದಾಗಿ ಗೊಣ್ಣೆಹುಳು. ಕಬ್ಬು, ಶೇಂಗಾ, ಅಡಿಕೆ ಬೇರು ತಿನ್ನುವ ಈ ಹುಳುವಿನ ದುಂಬಿಗಳು ಮಣ್ಣಿನೊಳಗೆ ಕಾದು ಕೂತಿದ್ದು, ಒಳ್ಳೆಯ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಒಮ್ಮೆಲೇ ಹೊರಬರುತ್ತವೆ. ಬೇವು, ಜಾಲಿ ಮರಗಳ ಎಲೆ ತಿನ್ನುತ್ತಾ ಕೂಡುತ್ತವೆ, ಆಮೇಲೆ ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮೊಟ್ಟೆ ಇಟ್ಟ ಮೇಲೆ ಎಷ್ಟು ಔಷಧಿ ಸುರಿದರೂ ಪೂರ್ತಿ ಹತೋಟಿಗೆ ಬರುವುದಿಲ್ಲ. ಗುಡುಗು ಪೂರ್ತಿ ನಿಂತ ಸಂಜೆ, ಏಳರಿಂದ ಒಂಬತ್ತರ ನಡುವೆ, ಮರದ ಕೆಳಗೆ ಹಳೆ ಸೀರೆಯೋ ಟಾರ್ಪಾಲೋ ಹಾಸಿ ಕೊಂಬೆ ಅಲುಗಿಸಿ. ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿ. ಒಬ್ಬರ ಹೊಲದಲ್ಲಿ ಮಾಡಿದರೆ ಪಕ್ಕದ ಹೊಲದ ದುಂಬಿ ಹಾರಿ ಬರುತ್ತದೆ, ಆದ್ದರಿಂದ ಸುತ್ತಲಿನ ಹತ್ತು ಮನೆಯವರೂ ಅದೇ ಸಂಜೆ ಇಳಿಯಬೇಕು. ಮೂರು ನಾಲ್ಕು ಸಂಜೆ ಬಿಡದೆ ಮಾಡಿ, ಮುಂದಿನ ದೊಡ್ಡ ಮಳೆ ಬಿದ್ದಾಗ ಮತ್ತೊಮ್ಮೆ ಮಾಡಿ.